ಲೂಟಿಯಾದ ಕಲೆ ಆಫ್ರಿಕಾಕ್ಕೆ ವಾಪಸ್: ಕೊಡೋಕೆ ಯಾರಿಗೆ ಅಧಿಕಾರ, ತಗೊಳ್ಳೋಕೆ ಯಾರಿಗೆ ಹಕ್ಕು?

ಈ ವಿಷಯ ಓದಲು ಕೂತರೆ ಮೊದಲು ಬೆನಿನ್ ಗೊಂದಲ ಬಗೆಹರಿಸಿಕೊಳ್ಳಿ. ಬೆನಿನ್ ಎರಡಿವೆ. ಇದು ತಲೆಯಲ್ಲಿ ಗಟ್ಟಿಯಾಗಿ ಕೂರದಿದ್ದರೆ ಮುಂದಿನದೆಲ್ಲ ಕಲಸಿ ಹೋಗುತ್ತದೆ.

ಒಂದನೆಯದು ಹಳೆಯ ಬೆನಿನ್ ರಾಜ್ಯ. ಅದರ ರಾಜಧಾನಿ ಬೆನಿನ್ ಸಿಟಿ ಇವತ್ತು ನೈಜೀರಿಯಾದ ಎಡೊ ರಾಜ್ಯದಲ್ಲಿದೆ. ಅಲ್ಲಿನ ರಾಜನಿಗೆ ಒಬಾ ಅನ್ನುತ್ತಾರೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಇದರ ಮೇಲೆ ದಾಳಿ ಮಾಡಿತು. ಅರಮನೆಯನ್ನು ದೋಚಿ, ಒಬಾ ಒವೊನ್‌ರಾಮ್ವೆನ್ ಅವರನ್ನು ಕಲಬಾರ್ ಪಟ್ಟಣಕ್ಕೆ ಗಡೀಪಾರು ಮಾಡಿತು. ‘ಬೆನಿನ್ ಬ್ರಾಂಜ್’ ಅಂತ ಎಲ್ಲರೂ ಹೇಳೋದು ಈ ಅರಮನೆಯ ವಸ್ತುಗಳಿಗೆ. ಹೆಸರು ಬ್ರಾಂಜ್ ಆದರೂ ಹೆಚ್ಚಿನವು ಹಿತ್ತಾಳೆಯವು.

ಎರಡನೆಯದು ಬೆನಿನ್ ಗಣರಾಜ್ಯ. ನೈಜೀರಿಯಾದ ಪಕ್ಕದಲ್ಲೇ ಇರುವ ಬೇರೆ ದೇಶ. ಹಳೆಯ ಹೆಸರು ದಹೋಮೆ. 1960ರಲ್ಲಿ ಸ್ವತಂತ್ರವಾಯಿತು, 1975ರಲ್ಲಿ ಮಥಿಯು ಕೆರೆಕು ಸರ್ಕಾರ ಬೆನಿನ್ ಅಂತ ಹೆಸರು ಬದಲಿಸಿತು. ಇಲ್ಲಿ ಲೂಟಿ ಮಾಡಿದವರು ಫ್ರೆಂಚರು. 1892ರ ನವೆಂಬರ್‌ನಲ್ಲಿ, ದಹೋಮೆ ರಾಜರ ರಾಜಧಾನಿ ಅಬೊಮೆಯ ಅರಮನೆಯಲ್ಲಿ.

ನಾನು ನೆನಪಿಟ್ಟುಕೊಂಡಿರೋದು ಹೀಗೆ: ಬ್ರಿಟನ್ ಅಂದರೆ ಹಿತ್ತಾಳೆ, ಒಬಾ, ನೈಜೀರಿಯಾ. ಫ್ರಾನ್ಸ್ ಅಂದರೆ ಮರದ ಪ್ರತಿಮೆ, ಅಬೊಮೆ, ದಹೋಮೆ. ಲೇಖನದಲ್ಲಿ ‘26 ವಸ್ತು’ ಅಂತ ಕಂಡರೆ ಅದು ಫ್ರಾನ್ಸ್ ಕತೆ. ‘ಬ್ರಾಂಜ್’ ಅಂತ ಕಂಡರೆ ನೈಜೀರಿಯಾ ಕತೆ. ಇದು ಒಂದು ಸಲವೂ ಕೈಕೊಟ್ಟಿಲ್ಲ.

ಬೇಡಿಕೆ ಹೊಸದಲ್ಲ

ಈ ಭಾಗ ಸುಲಭ, ಬೇಗ ಮುಗಿಸೋಣ. 1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಅಧ್ಯಕ್ಷ ಸೆಂಗೋರ್ ಕರಿಯರ ಕಲೆಗಳ ಮೊದಲ ವಿಶ್ವ ಉತ್ಸವ ನಡೆಸಿದರು. 1973ರಲ್ಲಿ ಜಯೀರ್‌ನ (ಇವತ್ತಿನ ಕಾಂಗೋ) ಅಧ್ಯಕ್ಷ ಮೊಬುಟು ವಿಶ್ವಸಂಸ್ಥೆಯಲ್ಲಿ ಈ ವಿಷಯ ಎತ್ತಿದರು. ಅದೇ ವರ್ಷ ಲೂಟಿಯಾದ ಕಲಾಕೃತಿ ವಾಪಸ್ ಮಾಡಬೇಕೆಂಬ ನಿರ್ಣಯವೂ ಅಲ್ಲಿ ಪಾಸಾಯಿತು. 1977ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಅದೇ ಉತ್ಸವದ ಎರಡನೇ ಆವೃತ್ತಿ ಫೆಸ್ಟಾಕ್ ನಡೆಯಿತು. ಅದರ ಲಾಂಛನ ಹಳೆಯ ಬೆನಿನ್ ರಾಜ್ಯದ ರಾಣಿ ಇಡಿಯಾಳ ದಂತದ ಮುಖವಾಡ. ಮೂಲ ಮುಖವಾಡ ಇರೋದು ಬ್ರಿಟಿಷ್ ಮ್ಯೂಸಿಯಂನಲ್ಲಿ. ಉತ್ಸವಕ್ಕೆ ಎರವಲು ಕೊಡಿ ಅಂತ ನೈಜೀರಿಯಾ ಕೇಳಿತು, ಸಿಗಲಿಲ್ಲ. ಬೆನಿನ್ ಸಿಟಿಯಿಂದಲೇ ಹೋದ ವಸ್ತುವಿನ ನಕಲು ಮಾಡಿಸಿಕೊಂಡು ಉತ್ಸವ ನಡೆಸಬೇಕಾಯಿತು.

ಯುನೆಸ್ಕೋದ 1970ರ ಒಪ್ಪಂದ ಇದೆಯಲ್ಲ ಅಂತ ಕೇಳಬಹುದು. ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ವಸಾಹತು ಕಾಲದ ಲೂಟಿ ಅದರ ಕೈಗೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಪ್ರಕರಣವೂ ಆಯಾ ದೇಶದ ಒಳಗಿನ ಕಾನೂನಿಗೇ ಹೋಗಿ ನಿಲ್ಲುತ್ತದೆ. ‘ಕೊಡಬೇಕೋ ಬೇಡವೋ’ ಅನ್ನೋ ವಾದದ ಮೇಲೇ ಎಲ್ಲರೂ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಅನ್ನಿಸುವುದು, ಆ ವಾದ ಮುಗಿದ ಮೇಲೇ ನಿಜವಾದ ಗಂಟು ಶುರುವಾಗುತ್ತದೆ.

ಅಧ್ಯಕ್ಷರು ಹೇಳಿದರೂ ಸಾಲದು, ಯಾಕೆ?

ನನ್ನನ್ನು ಜಾಸ್ತಿ ಕಾಡಿದ್ದು ಇದು. ಘಟನೆಗಳನ್ನು ಮೊದಲು ಸಾಲಾಗಿ ಇಡುತ್ತೇನೆ.

2016ರಲ್ಲಿ ಬೆನಿನ್ ಗಣರಾಜ್ಯದ ಅಧ್ಯಕ್ಷ ಪ್ಯಾಟ್ರಿಸ್ ಟಾಲೊನ್ ಸರ್ಕಾರ ಫ್ರಾನ್ಸ್‌ಗೆ ಪತ್ರ ಬರೆದು ಅಬೊಮೆಯ ವಸ್ತುಗಳನ್ನು ಕೇಳಿತು. ಆ ವರ್ಷದ ಡಿಸೆಂಬರ್‌ನಲ್ಲೇ ಫ್ರಾನ್ಸ್ ಆಗುವುದಿಲ್ಲ ಅಂದಿತು. ಒಂದು ವರ್ಷ ಕಳೆಯುವಷ್ಟರಲ್ಲಿ, 2017ರ ನವೆಂಬರ್ 28ರಂದು, ಬುರ್ಕಿನಾ ಫಾಸೊದ ಔಗಡೌಗುವಿನಲ್ಲಿ ಅಧ್ಯಕ್ಷ ಮ್ಯಾಕ್ರನ್ ಭಾಷಣ ಮಾಡಿ, ಐದು ವರ್ಷದೊಳಗೆ ಆಫ್ರಿಕಾದ ಪರಂಪರೆಯನ್ನು ಹಿಂದಿರುಗಿಸುವ ದಾರಿ ಆಗಬೇಕು ಅಂದರು. 2018ರ ನವೆಂಬರ್‌ನಲ್ಲಿ ಸೆನೆಗಲ್‌ನ ಅರ್ಥಶಾಸ್ತ್ರಜ್ಞ ಫೆಲ್ವಿನ್ ಸಾರ್ ಮತ್ತು ಫ್ರೆಂಚ್ ಕಲಾ ಇತಿಹಾಸಕಾರ್ತಿ ಬೆನೆಡಿಕ್ಟ್ ಸವೊಯ್ ವರದಿ ಕೊಟ್ಟರು. ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿ ಸಹಾರಾ ದಕ್ಷಿಣದ ಆಫ್ರಿಕಾದ ಸುಮಾರು 90,000 ವಸ್ತುಗಳಿವೆ, ಅದರಲ್ಲಿ 70,000ದಷ್ಟು ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂ ಒಂದರಲ್ಲೇ ಇವೆ ಅಂತ ಆ ವರದಿ ಲೆಕ್ಕ ಕೊಟ್ಟಿತು. ಆದರೂ ವಸ್ತುಗಳು ಬೆನಿನ್ ಗಣರಾಜ್ಯದ ಕೊಟೊನು ನಗರ ತಲುಪಿದ್ದು 2021ರ ನವೆಂಬರ್‌ನಲ್ಲಿ. ಅದೂ ಬರೀ 26.

ದೇಶದ ಅಧ್ಯಕ್ಷರೇ ಹೂಂ ಅಂದ ಮೇಲೆ ನಾಲ್ಕು ವರ್ಷ ಯಾಕೆ ಹಿಡಿಯಿತು?

ಉತ್ತರ ಫ್ರಾನ್ಸಿನ ಪರಂಪರೆ ಸಂಹಿತೆಯಲ್ಲಿದೆ. ಸರ್ಕಾರಿ ಮ್ಯೂಸಿಯಂನ ಸಂಗ್ರಹ ಸಾರ್ವಜನಿಕ ಆಸ್ತಿ, ಅದನ್ನು ಪರಭಾರೆ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಈ ವಿಚಾರದ ಬೇರು ಹಳೆಯದು. ರಾಜ ತನ್ನ ಇಷ್ಟಕ್ಕೆ ರಾಜ್ಯದ ಆಸ್ತಿ ಹಂಚುವಂತಿಲ್ಲ ಅನ್ನುವ 1566ರ ಮೂಲಾಂ ಶಾಸನದವರೆಗೂ ಹೋಗುತ್ತದೆ. ನಮ್ಮ ಕಡೆಯ ಗೋಮಾಳ ನೆನೆಸಿಕೊಳ್ಳಿ. ಊರಿನ ಗೋಮಾಳವನ್ನು ಯಾವ ಅಧಿಕಾರಿಯೂ ತನ್ನ ಕೈಯಾರೆ ಬರೆದುಕೊಡುವ ಹಾಗಿಲ್ಲ, ಮೊದಲು ಆ ಜಾಗ ಗೋಮಾಳದ ಲೆಕ್ಕದಿಂದ ಹೊರಗೆ ಬರಬೇಕು. ಮ್ಯೂಸಿಯಂ ವಸ್ತುವೂ ಹಾಗೆ: ಮೊದಲು ಸಂಗ್ರಹದ ಪಟ್ಟಿಯಿಂದ ಹೊರಗೆ ಬರಬೇಕು, ಆಮೇಲೆ ಕೊಡುವ ಮಾತು.

ಇಲ್ಲಿವರೆಗೆ ಸರಿ. ಆದರೆ ಪಟ್ಟಿಯಿಂದ ತೆಗೆಯೋಕೆ ಆಡಳಿತದ ದಾರಿಯೊಂದು ಕಾನೂನಿನಲ್ಲೇ ಇದೆ. ಹಾಗಿದ್ದ ಮೇಲೆ ಸಚಿವಾಲಯವೇ ಕೂತು ತೆಗೆಯಬಹುದಿತ್ತಲ್ಲ, ಪಾರ್ಲಿಮೆಂಟ್ ಯಾಕೆ ಬೇಕಾಯಿತು? ಬಹಳ ಟಿಪ್ಪಣಿಗಳು ಈ ಮೆಟ್ಟಿಲನ್ನು ಹಾರಿಸಿಬಿಡುತ್ತವೆ. ಆ ದಾರಿಗೆ ಎರಡು ಬೀಗಗಳಿವೆ.

ಒಂದು, ವಸ್ತುವಿಗೆ ಸಾರ್ವಜನಿಕ ಮಹತ್ವ ಉಳಿದಿಲ್ಲ ಅಂತ ತೋರಿಸಬೇಕು. ಅಬೊಮೆಯ ರಾಜರ ಸಿಂಹಾಸನಕ್ಕೆ ಮಹತ್ವ ಇಲ್ಲ ಅಂತ ಯಾರು ಬರೆಯುತ್ತಾರೆ? ಮಹತ್ವ ಇರೋದಕ್ಕೇ ಅಲ್ವಾ ಬೆನಿನ್ ಕೇಳುತ್ತಿರೋದು. ವಸ್ತು ಎಷ್ಟು ಅಮೂಲ್ಯವೋ ಅಷ್ಟು ಗಟ್ಟಿಯಾಗಿ ಈ ಬೀಗ ಬಿಗಿಯುತ್ತದೆ.

ಎರಡನೆಯದು ಇನ್ನೂ ವಿಚಿತ್ರ. ದಾನವಾಗಿ ಅಥವಾ ಉಯಿಲಿನ ಮೂಲಕ ಬಂದ ವಸ್ತುವನ್ನು ಪಟ್ಟಿಯಿಂದ ತೆಗೆಯುವಂತೆಯೇ ಇಲ್ಲ. ಈಗ 1892ಕ್ಕೆ ವಾಪಸ್ ಹೋಗಿ. ಫ್ರೆಂಚ್ ಪಡೆಯ ಮುಂದಾಳು ಜನರಲ್ ಆಲ್ಫ್ರೆಡ್ ದಾಡ್ಸ್. (ಅವರು ಹುಟ್ಟಿದ್ದು ಸೆನೆಗಲ್‌ನ ಸೇಂಟ್ ಲೂಯಿಯಲ್ಲಿ, ಮಿಶ್ರ ಕುಟುಂಬದಲ್ಲಿ. ವಸಾಹತಿನ ಇತಿಹಾಸ ಕಪ್ಪು-ಬಿಳುಪಾಗಿ ಬರುವುದಿಲ್ಲ.) ರಾಜ ಬೆಹಾನ್ಜಿನ್ ಅರಮನೆಗೆ ಬೆಂಕಿ ಹಚ್ಚಿಸಿ ಉತ್ತರಕ್ಕೆ ಹೋದ. ಉಳಿದದ್ದನ್ನು ಸೈನಿಕರು ಎತ್ತಿಕೊಂಡರು. ದಾಡ್ಸ್ ತಮ್ಮ ಪಾಲಿಗೆ ಬಂದದ್ದರಲ್ಲಿ ಕೆಲವನ್ನು 1893ರಲ್ಲಿ, ಮತ್ತೆ 1895ರಲ್ಲಿ ಪ್ಯಾರಿಸ್‌ನ ಟ್ರೊಕಡೆರೊ ಮ್ಯೂಸಿಯಂಗೆ ಕೊಟ್ಟರು. ಏನಂತ ಕೊಟ್ಟರು? ದಾನ ಅಂತ. ಲೂಟಿಯ ಮಾಲು ಮ್ಯೂಸಿಯಂ ಬಾಗಿಲು ದಾಟಿದ ಕೂಡಲೇ ‘ದಾನ’ವಾಯಿತು. ಆ ಒಂದು ನಮೂದು 120 ವರ್ಷ ಕಳೆದ ಮೇಲೂ ಅದಕ್ಕೆ ಕಾವಲು ನಿಂತಿತು. ಇದು ಅರ್ಥವಾದ ದಿನ ಇಡೀ ಪ್ರಕರಣ ತಾನಾಗಿ ಬಿಚ್ಚಿಕೊಂಡಿತು.

ಎರಡು ಬೀಗವೂ ಕಾನೂನಿನವು. ಕಾನೂನು ತೆಗೆಯೋಕೆ ಕಾನೂನೇ ಬೇಕು. ಅದಕ್ಕೇ 2020ರ ಡಿಸೆಂಬರ್ 24ರ ಕಾನೂನು ಬಂತು. ಅದು ಸಾಮಾನ್ಯ ನಿಯಮವನ್ನು ಮುಟ್ಟಲೇ ಇಲ್ಲ. ‘ಈ 26 ವಸ್ತುಗಳ ಮಟ್ಟಿಗೆ ಆ ನಿಯಮ ಅನ್ವಯಿಸುವುದಿಲ್ಲ, ಒಂದು ವರ್ಷದೊಳಗೆ ಬೆನಿನ್‌ಗೆ ಒಪ್ಪಿಸಿ’ ಅಂತಷ್ಟೇ ಹೇಳಿತು. ಇನ್ನೊಂದು ವಿಧಿಯಲ್ಲಿ, 19ನೇ ಶತಮಾನದ ಪಶ್ಚಿಮ ಆಫ್ರಿಕಾದ ಮುಸ್ಲಿಂ ನಾಯಕ ಎಲ್ ಹಜ್ ಉಮರ್ ಟಾಲ್ ಅವರದೆಂದು ಹೇಳುವ ಕತ್ತಿಯನ್ನು ಸೆನೆಗಲ್‌ಗೆ ಬಿಟ್ಟುಕೊಟ್ಟಿತು. ಉಳಿದದ್ದಕ್ಕೆಲ್ಲ ಬೀಗ ಹಾಗೇ ಉಳಿಯಿತು.

ಆ ಕತ್ತಿಯ ದಿನಾಂಕ ನೋಡಿ, ಇದು ಪರೀಕ್ಷೆಯ ದೃಷ್ಟಿಯಿಂದಲೂ ಮುಖ್ಯ. 2019ರ ನವೆಂಬರ್‌ನಲ್ಲಿ ಫ್ರೆಂಚ್ ಪ್ರಧಾನಿ ಡಕಾರ್‌ಗೆ ಹೋಗಿ ಅಧ್ಯಕ್ಷ ಮ್ಯಾಕಿ ಸಾಲ್ ಕೈಗೆ ಅದನ್ನು ಕೊಟ್ಟರು. ಫೋಟೋ ಬಂತು, ಸುದ್ದಿಯಾಯಿತು. ಆದರೆ ಆವತ್ತು ಅದು ಎರವಲು. ಮಾಲೀಕತ್ವ ಬದಲಾಗಿದ್ದು ಒಂದು ವರ್ಷದ ಮೇಲೆ, ಕಾನೂನಿನಿಂದ. ವಸ್ತು ಊರಿಗೆ ಬಂದದ್ದು ಬೇರೆ, ಅದು ಊರಿನದಾದದ್ದು ಬೇರೆ. ಯಾವ ಸುದ್ದಿ ಓದಿದರೂ ಈ ಎರಡು ದಿನಾಂಕ ಬೇರೆ ಬೇರೆ ಬರೆದಿಡಿ.

ಇದಕ್ಕೆ ಹಿಂದಿನ ಉದಾಹರಣೆ ಸಾರಾ ಬಾರ್ಟ್‌ಮನ್. ಯುರೋಪಿನಲ್ಲಿ ಪ್ರದರ್ಶನದ ವಸ್ತುವಾಗಿ ಬದುಕಿ ಸತ್ತ ದಕ್ಷಿಣ ಆಫ್ರಿಕಾದ ಹೆಣ್ಣುಮಗಳು. ಅವಳ ಅವಶೇಷಗಳನ್ನು ಕಳಿಸೋಕೂ 2002ರಲ್ಲಿ ಫ್ರಾನ್ಸ್ ಪ್ರತ್ಯೇಕ ಕಾನೂನು ಮಾಡಿತು. ಮನುಷ್ಯರ ಮೂಳೆಯೂ ‘ಸಂಗ್ರಹ’ವೇ ಆಗಿತ್ತು.

ಆ 26ರಲ್ಲಿ ಒಂದನ್ನಾದರೂ ಕಣ್ಣಿಟ್ಟು ನೋಡಿ. ರಾಜ ಬೆಹಾನ್ಜಿನ್‌ನ ಮರದ ಪ್ರತಿಮೆ, ಸೊಸ್ಸಾ ದೆದೆ ಎಂಬ ಶಿಲ್ಪಿಯದು ಅನ್ನುತ್ತಾರೆ. ಆಳೆತ್ತರದ ಆಕೃತಿ. ಕಾಲು ಮನುಷ್ಯನದು, ತಲೆ ಶಾರ್ಕ್ ಮೀನಿನದು, ಮೈಗೆ ಮೀನಿನ ಹುರುಪೆ ಮತ್ತು ಈಜುರೆಕ್ಕೆ. ಶಾರ್ಕ್ ಬೆಹಾನ್ಜಿನ್‌ನ ಲಾಂಛನ. ಸಮುದ್ರದಿಂದ ಬರುವ ಶತ್ರುವನ್ನು ದಡದಲ್ಲೇ ತಡೆಯುವ ರಾಜ ಅನ್ನುವ ಹೆಮ್ಮೆ ಅದರಲ್ಲಿದೆ. ಇಂಥ ಪ್ರತಿಮೆ ಗೆದ್ದವರ ಮ್ಯೂಸಿಯಂನಲ್ಲಿ ನಿಂತಿತ್ತು. 2022ರ ಫೆಬ್ರವರಿಯಿಂದ ಕೊಟೊನುವಿನ ಅಧ್ಯಕ್ಷರ ಭವನದಲ್ಲಿ ಇವುಗಳ ಪ್ರದರ್ಶನ ಇಟ್ಟಾಗ ನೋಡೋಕೆ ಜನ ಲಕ್ಷಗಟ್ಟಲೆ ಬಂದರು. ಜತೆಗೆ ಇಂದಿನ ಬೆನಿನ್ ಕಲಾವಿದರ ಕೆಲಸವನ್ನೂ ಇಟ್ಟಿದ್ದರು, ಅದು ಒಳ್ಳೆಯ ತೀರ್ಮಾನ.

‘ಗೂ’ ಅನ್ನುವ ಕಬ್ಬಿಣದ ದೇವರ ಪ್ರತಿಮೆಯೂ ಬರಬೇಕು ಅಂತ ಬೆನಿನ್‌ನವರಿಗೆ ಆಸೆ. ಆದರೆ ಅದು 26ರಲ್ಲಿ ಇಲ್ಲ.

ಬ್ರಿಟನ್‌ನ ಬೀಗ ಬೇರೆ

ಬ್ರಿಟಿಷ್ ಮ್ಯೂಸಿಯಂ ಬಳಿ ಬೆನಿನ್‌ನ 900ಕ್ಕೂ ಹೆಚ್ಚು ವಸ್ತುಗಳಿವೆ. ಅದಕ್ಕೆ 1963ರ ತನ್ನದೇ ಕಾಯ್ದೆ ಇದೆ. ನಕಲು ಪ್ರತಿ, ಹಾಳಾದದ್ದು, ಹೀಗೆ ಕೆಲವು ಸಂದರ್ಭ ಬಿಟ್ಟರೆ ಟ್ರಸ್ಟಿಗಳು ಏನನ್ನೂ ಬಿಟ್ಟುಕೊಡುವಂತಿಲ್ಲ. ತಮಾಷೆ ಅಂದರೆ 1950ರಿಂದ 1972ರ ನಡುವೆ ಇದೇ ಮ್ಯೂಸಿಯಂ 30ರಷ್ಟು ಬೆನಿನ್ ಫಲಕಗಳನ್ನು ‘ನಕಲು ಪ್ರತಿ’ ಅಂತ ಮಾರಿದೆ. ಕೊಂಡವರಲ್ಲಿ ನೈಜೀರಿಯಾದವರೂ ಇದ್ದರು! ತಮ್ಮ ವಸ್ತುವಿಗೆ ತಾವೇ ದುಡ್ಡು ಕೊಟ್ಟರು. ಈ ಫಲಕಗಳು ಅಚ್ಚಿನಲ್ಲಿ ಸಾಲಾಗಿ ತೆಗೆದವಲ್ಲ. ಮೇಣದಲ್ಲಿ ಆಕೃತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಮಣ್ಣು ಒಡೆದ ಮೇಲೆ ಸಿಗುವುದು ಒಂದೇ ಒಂದು. ಅದರ ನಕಲು ಎಲ್ಲಿಂದ ಬರಬೇಕು?

ವಿಶ್ವವಿದ್ಯಾಲಯಗಳಿಗೆ ಆ ಕಾಯ್ದೆ ಇಲ್ಲ. ಅದಕ್ಕೇ ಅಬರ್ಡೀನ್ ವಿಶ್ವವಿದ್ಯಾಲಯ ಮತ್ತು ಕೇಂಬ್ರಿಜ್‌ನ ಜೀಸಸ್ ಕಾಲೇಜು 2021ರಲ್ಲೇ ಕೊಟ್ಟವು. ಘಾನಾಕ್ಕೆ ಬ್ರಿಟನ್ ತೋರಿಸಿದ ದಾರಿ ಎರವಲಿನದು. ಅಸಾಂಟೆ ರಾಜಮನೆತನದ 32 ವಸ್ತುಗಳು 2024ರಲ್ಲಿ ಕುಮಾಸಿಯ ಮನ್ಹಿಯಾ ಅರಮನೆ ಮ್ಯೂಸಿಯಂಗೆ ಹೋದವು, ಎರವಲಿನ ಮೇಲೆ. ಒಪ್ಪಂದ ಆಗಿದ್ದು ಘಾನಾ ಸರ್ಕಾರದ ಜತೆ ಅಲ್ಲ, ಅಸಾಂಟೆ ರಾಜನ ಜತೆ. ಇದನ್ನು ನೆನಪಿಡಿ, ಮುಂದಿನ ಗಂಟು ಇದೇ.

ತಗೊಳ್ಳುವವರು ಯಾರು?

ಜರ್ಮನಿ 2022ರಲ್ಲಿ 1,100ಕ್ಕೂ ಹೆಚ್ಚು ಬೆನಿನ್ ವಸ್ತುಗಳ ವಿಷಯದಲ್ಲಿ ಉಲ್ಟಾ ದಾರಿ ಹಿಡಿಯಿತು: ಮೊದಲು ಮಾಲೀಕತ್ವ ನೈಜೀರಿಯಾಕ್ಕೆ, ಸಾಗಣೆ ಆಮೇಲೆ. ಬರ್ಲಿನ್‌ನಲ್ಲಿದ್ದ 512ರಲ್ಲಿ ಮೂರನೇ ಒಂದು ಭಾಗ ಅಲ್ಲೇ ಉಳಿಯಿತು, ಆದರೆ ಈಗ ನೈಜೀರಿಯಾ ಕೊಟ್ಟ ಎರವಲಾಗಿ. ನನ್ನ ಪ್ರಕಾರ ಫ್ರಾನ್ಸ್-ಬ್ರಿಟನ್ ಎರಡಕ್ಕಿಂತ ಇದು ನೇರ.

ಆದರೆ ನೈಜೀರಿಯಾ ಅಂದರೆ ಯಾರು? ಕೇಂದ್ರ ಸರ್ಕಾರದ ಮ್ಯೂಸಿಯಂ ಮತ್ತು ಸ್ಮಾರಕಗಳ ಆಯೋಗವೇ? ಎಡೊ ರಾಜ್ಯ ಸರ್ಕಾರವೇ? ಒಬಾ ಎರಡನೇ ಎವುವಾರೆಯೇ? ಲೂಟಿಯಾಗಿದ್ದು ಅವರ ಮುತ್ತಾತನ ತಂದೆಯ ಅರಮನೆ. 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಬುಹಾರಿ, ವಾಪಸ್ ಬಂದ ವಸ್ತುಗಳ ಮಾಲೀಕ ಒಬಾ ಅಂತ ಘೋಷಿಸಿದರು. ಜರ್ಮನಿಯಲ್ಲಿ ಗಲಾಟೆ ಎದ್ದಿತು, ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಹಸ್ತಾಂತರ ಮುಂದೂಡಿತು. ‘ಸಾರ್ವಜನಿಕರಿಗೆ ಕೊಟ್ಟೆವು, ಖಾಸಗಿಯವರ ಪಾಲಾಯಿತು’ ಅನ್ನುವುದು ಆಕ್ಷೇಪ. ಆದರೆ ಕೊಡುವವರು ‘ಹೀಗೇ ಇಟ್ಟುಕೊಳ್ಳಿ’ ಅಂತ ಷರತ್ತು ಹಾಕಿದರೆ ಅದನ್ನು ಹಿಂದಿರುಗಿಸುವುದು ಅನ್ನೋದು ಹೇಗೆ? 2025ರಲ್ಲಿ ಒಬಾ ಮತ್ತು ಆಯೋಗ ಒಂದು ಒಪ್ಪಂದಕ್ಕೆ ಬಂದರು: ಮಾಲೀಕರು ಒಬಾ, ನೋಡಿಕೊಳ್ಳುವುದು ಆಯೋಗ. ಅದೇ ವರ್ಷ ನೆದರ್ಲ್ಯಾಂಡ್ಸ್ 119 ವಸ್ತು ಕೊಟ್ಟಿತು. ಬೆನಿನ್ ಸಿಟಿಯಲ್ಲಿ ಹೊಸದಾಗಿ ಕಟ್ಟಿದ ಪಶ್ಚಿಮ ಆಫ್ರಿಕಾ ಕಲಾ ಮ್ಯೂಸಿಯಂಗೆ ಮಾತ್ರ 2025ರ ನವೆಂಬರ್‌ನಲ್ಲಿ ಉದ್ಘಾಟನೆಯ ಹೊತ್ತಿಗೆ ಪ್ರತಿಭಟನಾಕಾರರು ನುಗ್ಗಿದರು. ಮ್ಯೂಸಿಯಂ ಒಬಾನ ಕೈಯಲ್ಲಿರಬೇಕು ಅನ್ನುವುದು ಅವರ ಪಟ್ಟು.

ಮೂರನೆಯ ದನಿಯೂ ಇದೆ. ಹಿತ್ತಾಳೆ ಬಂದದ್ದು ಯುರೋಪಿನ ವ್ಯಾಪಾರಿಗಳು ತಂದ ಬಳೆಯಾಕಾರದ ಮನಿಲ್ಲಾ ನಾಣ್ಯಗಳಿಂದ. ಆ ನಾಣ್ಯಕ್ಕೆ ಗುಲಾಮರನ್ನೂ ಮಾರಿದರು. ಹಾಗಾಗಿ ಇದರಲ್ಲಿ ನಮಗೂ ಪಾಲಿದೆ ಅಂತ ಅಮೆರಿಕದಲ್ಲಿ ಗುಲಾಮರ ವಂಶಸ್ಥರ ಗುಂಪೊಂದು ಅಲ್ಲಿನ ಮ್ಯೂಸಿಯಂ ಸಂಸ್ಥೆ ಸ್ಮಿತ್‌ಸೋನಿಯನ್ ವಿರುದ್ಧ ಕೋರ್ಟಿಗೆ ಹೋಯಿತು. ಸ್ಮಿತ್‌ಸೋನಿಯನ್ 29 ವಸ್ತುಗಳನ್ನು 2022ರಲ್ಲೇ ನೈಜೀರಿಯಾಕ್ಕೆ ಒಪ್ಪಿಸಿತ್ತು.

ಅಭ್ಯಾಸಕ್ಕೆ ಒಂದು ಪ್ರಕರಣ: ಐವರಿ ಕೋಸ್ಟ್‌ನ ಜಿಜಿ ಅಯೋಕ್ವೆ. ಎಬ್ರಿಯೆ ಜನರ ‘ಮಾತಾಡುವ’ ಡೋಲು. ಮೂರು ಮೀಟರ್‌ಗಿಂತ ಉದ್ದ, 400 ಕಿಲೋಗಿಂತ ಹೆಚ್ಚು ತೂಕ. ಬಲವಂತದ ಕೂಲಿಗೆ ಜನ ಹಿಡಿಯೋಕೆ ಫ್ರೆಂಚರು ಬರುತ್ತಿದ್ದಾರೆ ಅಂತ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತಿತ್ತು, ಅದಕ್ಕೇ 1916ರಲ್ಲಿ ಕಿತ್ತುಕೊಂಡರು. 2024ರ ನವೆಂಬರ್‌ನಲ್ಲಿ ಎರವಲಿನ ಒಪ್ಪಂದ, 2025ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಕಾನೂನು. ಎರಡು ದಿನಾಂಕ ಯಾಕೆ ಅಂತ ಈಗ ಗೊತ್ತು. ಒಂದು ಡೋಲಿಗೆ ಒಂದು ಕಾನೂನು. ಈ ಲೆಕ್ಕದಲ್ಲಿ ಉಳಿದ 90,000ಕ್ಕೆ ಎಷ್ಟು ಕಾಲ ಬೇಕು, ನೀವೇ ಲೆಕ್ಕ ಹಾಕಿ.