ಮುಚ್ಚಳಿಕೆ ಇಲ್ಲದ ಪಂಚಾಯ್ತಿ

ಸಿರುಗುಪ್ಪದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೇ ಕಕ್ಷಿದಾರರು. ಅಣ್ಣನ ಜೊತೆ ಹೊಲದ ಪಾಲಿನ ದಾವೆ. ಊರ ಹಿರಿಯರು ಕೂತು ಹಂಚಿಕೊಟ್ಟಿದ್ದರು, ಆಮೇಲೆ ಅಣ್ಣ ಒಲ್ಲೆ ಅಂದರು. ತಾರೀಖು ಇದ್ದ ದಿನ ಮೇಷ್ಟ್ರು ಬೆಳಿಗ್ಗೆ ಬಸ್ಸಿಗೇ ಬಳ್ಳಾರಿಗೆ ಬಂದುಬಿಡುತ್ತಾರೆ. ಕೇಸು ಕೂಗುವ ತನಕ ನನ್ನ ಆಫೀಸಿನಲ್ಲಿ ಕೂತು ಪೇಪರ್ ಓದುತ್ತಾರೆ. ಓದಿ ಸುಮ್ನೆ ಇರುವವರಲ್ಲ, ಪ್ರಶ್ನೆ ಕೇಳುತ್ತಾರೆ. ಹೋದ ಸಲ ಕೇಳಿದ್ದು ಇದು:

“ವಕೀಲ್ರೇ, ನನ್ನ ಮಗ ಇಂಗ್ಲೆಂಡಿಗೆ ಹೋದ ಹೊಸದ್ರಾಗ ಒಂದು ವೋಟು ಹಾಕಿದ್ನಂತ್ರೀ. ಎಂಪಿ ಆರ್ಸೋಕಲ್ಲ. ಆರ್ಸೋ ಪದ್ಧತಿನೇ ಬದ್ಲಿ ಮಾಡ್ಬೇಕೋ ಬ್ಯಾಡೋ ಅಂತ. ಜನ ಹೂಂ ಅಂದಿದ್ರ ಸರ್ಕಾರ ಮಾಡ್ಲೇಬೇಕಿತ್ತಾ? ಇಲ್ಲ ನಮ್ಮೂರ ಪಂಚಾಯ್ತಿ ಹಂಗ, ಕೇಳಿದ್ರ ಕೇಳಿದ್ರು, ಬಿಟ್ರ ಬಿಟ್ರಾ?”

ಮೊದಲು ನನಗೆ ಅನುಮಾನ ಬಂತು. ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡ ಹುಡುಗನಿಗೆ ಅಲ್ಲೆಲ್ಲಿಯ ವೋಟು? ಆದರೆ ಅದು ನಿಜವೇ. ಬ್ರಿಟನ್ನಿನಲ್ಲಿ ಕಾಯ್ದೆ ಪ್ರಕಾರ ನೆಲೆಸಿರುವ ಕಾಮನ್‌ವೆಲ್ತ್ ದೇಶದವರಿಗೆ, ಅಂದರೆ ಭಾರತೀಯರಿಗೂ, ಅಲ್ಲಿನ ಸಂಸತ್ ಚುನಾವಣೆಯಲ್ಲಿ ವೋಟಿದೆ. 2011ರ ಮೇ 5ರ ಜನಮತಗಣನೆಯಲ್ಲೂ, ಅಂದರೆ ಒಂದು ವಿಷಯ ಬೇಕೋ ಬೇಡವೋ ಅಂತ ಜನರನ್ನೇ ಕೇಳುವ ವೋಟಿನಲ್ಲೂ, ಇತ್ತು. ಇಲ್ಲಿ ಅವನ ಅಪ್ಪ, ಅಜ್ಜ ಯಾರಿಗೂ ಸಿಗದ ಅವಕಾಶ ಅಲ್ಲಿ ಅವನಿಗೆ ಸಿಕ್ಕಿತ್ತು. ಇಲ್ಲಿ ಏಕೆ ಸಿಗಲಿಲ್ಲ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಅಲ್ಲಿ ಕೇಳಿದ್ದ ಪದ್ಧತಿ ನಮ್ಮವರಿಗೆ ಹೊಸದೇನಲ್ಲ. ಈಶಾನ್ಯ ಪದವೀಧರ ಕ್ಷೇತ್ರಕ್ಕೆ ಬೀದರಿನಿಂದ ಬಳ್ಳಾರಿ ತನಕದ ಪದವೀಧರರು ವೋಟು ಹಾಕುತ್ತಾರಲ್ಲ, ಅದೇ. 2024ರ ಜೂನ್‌ನಲ್ಲಿ ಮೇಷ್ಟ್ರೂ ಹಾಕಿದ್ದರು. ಅಲ್ಲಿ ಮೆಷಿನ್ನಿಲ್ಲ, ಸೀಲಿಲ್ಲ. ಮತಪತ್ರದ ಜೊತೆ ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2, 3 ಅಂತ ಅಂಕಿ ಬರೀಬೇಕು. ‘ಒಂದು’ ಅಂತ ಅಕ್ಷರದಲ್ಲಿ ಬರೆದರೆ ವೋಟು ಹೋಯಿತು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮೊದಲ ಪ್ರಾಶಸ್ತ್ಯದ ಮತ ಬರದಿದ್ದರೆ ಕೊನೆಯಲ್ಲಿರುವವರನ್ನು ಹೊರಗೆ ಹಾಕಿ, ಅವರ ಮತಪತ್ರದಲ್ಲಿ 2 ಯಾರಿಗಿದೆ ನೋಡಿ ಅವರಿಗೆ ಸೇರಿಸುತ್ತಾರೆ. ಹೀಗೇ ಸುತ್ತು ಸುತ್ತು ಎಣಿಕೆ. ಬ್ರಿಟನ್ ಈ ಪದ್ಧತಿಯನ್ನು ಬೇಡ ಅಂದಿತು. ಬೇಡ ಅಂದವರು ಶೇ 67.9, ಬೇಕು ಅಂದವರು ಶೇ 32.1. ನಮ್ಮ ಪದವೀಧರರು ಯಾರ ಅಪ್ಪಣೆಯನ್ನೂ ಕೇಳದೆ ಅದರಲ್ಲೇ ವೋಟು ಹಾಕ್ತಿದ್ದಾರೆ.

ಸರಿ, ಬೇಕು ಅಂದಿದ್ದರೆ?

ಮೇಷ್ಟ್ರ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇತ್ತು. ನಮ್ಮ ಕಡೆ ಬದುವಿನ ಜಗಳ, ಗೋಡೆಯ ಜಗಳ ಹಿರಿಯರ ಮುಂದೆ ಹೋದಾಗ ತಿಳಿದವರು ಮೊದಲು ಒಂದು ಕೆಲಸ ಮಾಡುತ್ತಾರೆ. ‘ನೀವು ಹೇಳಿದ್ದಕ್ಕೆ ನಾವು ಬದ್ಧ’ ಅಂತ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅದೂ ತೀರ್ಪಿಗೆ ಮೊದಲು. ತೀರ್ಪು ಹೊರಬಿದ್ದ ಮೇಲೆ ಸೋತವನು ಎಲ್ಲಿ ಸಹಿ ಹಾಕ್ತಾನೆ? ಜನಮತಗಣನೆಗೂ ಅಷ್ಟೇ. ಅದರಿಂದ ಸರ್ಕಾರದ ಕೈ ಕಟ್ಟುತ್ತದಾ ಅನ್ನೋದು ಎಷ್ಟು ಜನ ವೋಟು ಹಾಕಿದರು ಅನ್ನೋದರಲ್ಲಿ ಇಲ್ಲ. ವೋಟಿಗೆ ಮೊದಲು ಸಂಸತ್ತು ಯಾವ ಮುಚ್ಚಳಿಕೆ ಬರೆದಿತ್ತು ಅನ್ನೋದರಲ್ಲಿದೆ.

ಆ ಮುಚ್ಚಳಿಕೆ ಓದೋದು ಹೇಗೆ? ಕನ್ನಡದ ಕಾಯ್ದೆ ಪುಸ್ತಕ ತಿರುವಿ ಹಾಕಿದವರಿಗೆ ಗೊತ್ತು, ಕಲಮಿನ ಕೊನೆಗೆ ಎರಡರಲ್ಲಿ ಒಂದು ಬಾಲ ಇರುತ್ತದೆ. ಒಂದು ‘ಮಾಡತಕ್ಕದ್ದು’. ಇನ್ನೊಂದು ‘ಮಾಡಬಹುದು’. ಬಾಯಿಮಾತಿನಲ್ಲಿ ಯಾರೂ ತಕ್ಕದ್ದು ಅನ್ನಲ್ಲ. ಆದರೆ ನಮ್ಮಂಥ ವಕೀಲರ ಅರ್ಧ ಸಂಪಾದನೆ ಈ ಎರಡು ಬಾಲಗಳ ನಡುವೆಯೇ. (ಕೆಲವೊಮ್ಮೆ ಕೋರ್ಟು ‘ಬಹುದು’ ಅಂತ ಬರೆದದ್ದನ್ನೂ ‘ತಕ್ಕದ್ದು’ ಅಂತಲೇ ಓದುತ್ತದೆ. ಆ ಕಥೆ ಇನ್ನೊಮ್ಮೆ.)

ಬ್ರಿಟನ್ನಿನ 2011ರ ಕಾಯ್ದೆಯಲ್ಲಿ ತಕ್ಕದ್ದು ಇತ್ತು. 8ನೇ ಕಲಂ. ಬೇಕು ಅನ್ನುವ ಮತಗಳು ಬೇಡ ಅನ್ನುವುದಕ್ಕಿಂತ ಜಾಸ್ತಿ ಬಂದರೆ, ಹೊಸ ಪದ್ಧತಿಯನ್ನು ಜಾರಿಗೆ ತರುವ ಆದೇಶವನ್ನು ಮಂತ್ರಿ ಹೊರಡಿಸತಕ್ಕದ್ದು. ಹೊಸ ಪದ್ಧತಿಯ ನಿಯಮಗಳನ್ನೆಲ್ಲ ಮೊದಲೇ ಅದೇ ಕಾಯ್ದೆಯಲ್ಲಿ ಬರೆದಿಟ್ಟಿದ್ದರು. ದೀಪಕ್ಕೆ ಎಣ್ಣೆ, ಬತ್ತಿ ಎರಡೂ ಹಾಕಿಟ್ಟು ಕಡ್ಡಿಯನ್ನು ಮಾತ್ರ ಜನರ ಕೈಗೆ ಕೊಟ್ಟ ಹಾಗೆ. ಒಂದು ಷರತ್ತೂ ಇತ್ತು: ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸುವ ಕರಡು ಆದೇಶವೂ ಸಂಸತ್ತಿನ ಮುಂದೆ ಬಂದು ರಾಣಿಯ ಅಂಕಿತಕ್ಕೆ ಹೋಗಿರಬೇಕು. ಅಲ್ಲಿನ ಮೇಲ್ಮನೆ, ಲಾರ್ಡ್ಸ್ ಸಭೆಯವರು ಇನ್ನೊಂದು ಗಂಟು ಹಾಕಲು ನೋಡಿದರು. ಶೇ 40ಕ್ಕಿಂತ ಕಡಿಮೆ ಮತದಾನವಾದರೆ ಫಲಿತಾಂಶ ಸರ್ಕಾರಕ್ಕೆ ಕಡ್ಡಾಯವಲ್ಲ ಅಂತ ತಿದ್ದುಪಡಿ ತಂದರು. ಕೆಳಮನೆ, ಅಂದರೆ ಕಾಮನ್ಸ್ ಸಭೆ ಒಪ್ಪಲಿಲ್ಲ. ಕೊನೆಗೆ ಮತದಾನ ಆದದ್ದು ಶೇ 42ರಷ್ಟು! ಗಂಟು ಹಾಕಿದ್ದರೂ ಬಿಚ್ಚಿಕೊಳ್ಳುತ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಜನ ಎಡವೋದು ಇಲ್ಲೇ. ಆ 8ನೇ ಕಲಂ ಕಟ್ಟಿದ್ದು ಮಂತ್ರಿಯ ಕೈಯನ್ನು, ಅಂದರೆ ಸರ್ಕಾರವನ್ನು. ಸಂಸತ್ತನ್ನಲ್ಲ. ಅಲ್ಲಿಯ ಸಂಸತ್ತು ಇವತ್ತು ಬರೆದ ಕಾಯ್ದೆಯನ್ನು ನಾಳೆ ಅಳಿಸಬಹುದು. ಮುಚ್ಚಳಿಕೆ ಬರೆದ ಕೈಗೇ ಅದನ್ನು ಹರಿಯುವ ಅಧಿಕಾರವೂ ಇದೆ. ಹರಿದರೆ ಮುಂದಿನ ಚುನಾವಣೆಯಲ್ಲಿ ಏನಾಗುತ್ತದೆ ಅನ್ನೋದು ಬೇರೆ ಲೆಕ್ಕ, ಅದು ವಕೀಲರ ಲೆಕ್ಕವಲ್ಲ.

ಇದೆಲ್ಲ ಇಷ್ಟು ಜೋರಾಗಿ ಹೇಳ್ತಿದ್ದೀನಲ್ಲ, ನಾನೇ ಇದರಲ್ಲಿ ಒಮ್ಮೆ ಮುಗ್ಗರಿಸಿದವನು. 2016ರ ಜೂನ್‌ನಲ್ಲಿ ಅದೇ ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಡಬೇಕು ಅಂತ ಶೇ 51.9 ಮತ ಹಾಕಿದರು. ಮಾರನೇ ದಿನ ಕೋರ್ಟಿನ ಹೊರಗೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ನಾನು ಕಿರಿಯ ವಕೀಲರಿಗೆ ಪಾಠ ಮಾಡಿದೆ: “ಮುಗೀತು, ಇನ್ನು ಬಿಡ್ತೀವಿ ಅಂತ ಸರ್ಕಾರ ನೇರವಾಗಿ ಒಕ್ಕೂಟಕ್ಕೆ ನೋಟಿಸ್ ಕೊಡೋದೊಂದೇ ಬಾಕಿ. 2011ರಲ್ಲಿ ಕಡ್ಡಾಯ ಇತ್ತು, ಇದರಲ್ಲೂ ಇರ್ತದೆ.” ಒಬ್ಬ ಹುಡುಗ ಕೇಳಿದ, “ಸರ್, ಕಾಯ್ದೆ ಓದಿದ್ರಾ?” ಓದಿರಲಿಲ್ಲ. ಪಂದ್ಯ ಕಟ್ಟಿದೆವು.

2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳಲ್ಲಿ 8 ಮಂದಿ ಹೇಳಿದ್ದು ಇಷ್ಟು. ಜನಮತಗಣನೆಗೆ ಕಾನೂನಿನಲ್ಲಿ ಎಷ್ಟು ಬಲ ಅನ್ನೋದನ್ನು ಅದನ್ನು ನಡೆಸಿದ ಕಾಯ್ದೆ ನೋಡಿಯೇ ಹೇಳಬೇಕು. 2015ರ ಕಾಯ್ದೆ ವೋಟು ನಡೆಸಿ ಅಂತಷ್ಟೇ ಹೇಳಿತ್ತು. ಬಂದ ಮೇಲೆ ಏನು ಮಾಡತಕ್ಕದ್ದು ಅಂತ ಒಂದು ಸಾಲೂ ಇರಲಿಲ್ಲ. ಹಾಗಾಗಿ ಸರ್ಕಾರ ತಾನಾಗಿ ಮುಂದೆ ಹೋಗುವಂತಿಲ್ಲ, ಸಂಸತ್ತಿನಿಂದ ಕಾಯ್ದೆ ಬೇಕು. ಸರ್ಕಾರ ಮನೆಮನೆಗೆ ಹಂಚಿದ್ದ ಕೈಪತ್ರದಲ್ಲಿ ನೀವು ತೀರ್ಮಾನಿಸಿದ್ದನ್ನು ಜಾರಿ ಮಾಡುತ್ತೇವೆ ಅಂತ ಬರೆದಿತ್ತು, ನಿಜ. ಕೈಪತ್ರ ಕಾಯ್ದೆ ಆಗಲ್ಲ, ಚುನಾವಣೆಯ ಪ್ರಣಾಳಿಕೆ ಆಗದ ಹಾಗೆ. ಆ ಹುಡುಗನಿಗೆ ಒಂದು ವಾರ ಮಿರ್ಚಿ ಕೊಡಿಸಿದೆ.

ಮುಚ್ಚಳಿಕೆಯನ್ನು ನೆಟ್ಟಗೆ ಬರೆದವರು ನ್ಯೂಜಿಲೆಂಡಿನವರು. ನನಗೆ ತುಂಬ ಹಿಡಿಸಿದ್ದು ಅವರದೇ ದಾರಿ. ಅಲ್ಲಿ 1978 ಮತ್ತು 1981ರ ಚುನಾವಣೆಗಳಲ್ಲಿ ಜಾಸ್ತಿ ಮತ ಬಂದದ್ದು ಲೇಬರ್ ಪಕ್ಷಕ್ಕೆ, ಜಾಸ್ತಿ ಸೀಟು ಸಿಕ್ಕಿದ್ದು ನ್ಯಾಷನಲ್ ಪಕ್ಷಕ್ಕೆ. ಜನರಿಗೆ ಕಸಿವಿಸಿ ಆಯಿತು. ರಾಯಲ್ ಕಮಿಷನ್ ಕೂತು 1986ರಲ್ಲಿ ಬೇರೆ ಪದ್ಧತಿ ಸೂಚಿಸಿತು. ಕ್ಷೇತ್ರಕ್ಕೊಂದು ವೋಟು, ಪಕ್ಷಕ್ಕೊಂದು ವೋಟು. ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಒಟ್ಟು ಸೀಟು. ಇದನ್ನು ಅವರು ಎರಡು ಹೆಜ್ಜೆಯಲ್ಲಿ ಕೇಳಿದರು. 1992ರಲ್ಲಿ ಸುಮ್ನೆ ಅಭಿಪ್ರಾಯ ಕೇಳಿದ್ದು, ಕಡ್ಡಾಯ ಅಲ್ಲ. ಬದಲಾವಣೆ ಬೇಕು ಅಂದವರು ಶೇ 85ರಷ್ಟು. ಹಾಗಂತ ಅಲ್ಲಿಗೇ ಮುಗಿಸಲಿಲ್ಲ. ಮೊದಲು ಹೊಸ ಚುನಾವಣಾ ಕಾಯ್ದೆಯನ್ನು ಪೂರ್ತಿ ಬರೆದು ಪಾಸು ಮಾಡಿದರು. ಜನ ಒಪ್ಪಿದರೆ ಇದು ಜಾರಿಗೆ ಬರುತ್ತದೆ, ಇಲ್ಲವಾದರೆ ಇಲ್ಲ ಅಂತ ಅದರಲ್ಲೇ ಬರೆದರು. ಆಮೇಲೆ 1993ರ ನವೆಂಬರಿನಲ್ಲಿ ಎರಡನೇ ಸಲ ಕೇಳಿದರು. ಈ ಸಲ ಶೇ 85 ಇಲ್ಲ, ಶೇ 53.9 ಮಾತ್ರ. ಆದರೂ ಪದ್ಧತಿ ಬದಲಾಯಿತು. 1996ರಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ.

ಆ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಶೇ 85 ಬರೀ ಸಲಹೆ. ಶೇ 53.9 ಆಜ್ಞೆ.

ಕೆನಡಾದ ಕಥೆ ಉಲ್ಟಾ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2005ರಲ್ಲಿ ಶೇ 57.7 ಜನ ಬದಲಾವಣೆ ಬೇಕು ಅಂದರು. ಶೇ 60 ದಾಟಬೇಕು ಅಂತ ಮೊದಲೇ ಬರೆದಿತ್ತು, ಬಿತ್ತು. ಬೇಸರ ಆಗುತ್ತದೆ, ಆದರೆ ಮೋಸ ಅನ್ನುವಂತಿಲ್ಲ. ನನಗೆ ಸಿಟ್ಟು ಬರೋದು ಪ್ರಿನ್ಸ್ ಎಡ್ವರ್ಡ್ ದ್ವೀಪದವರ ಮೇಲೆ. 2016ರಲ್ಲಿ 16 ವರ್ಷದ ಮಕ್ಕಳಿಗೂ ವೋಟು ಕೊಟ್ಟು ಕೇಳಿದರು. ಹೊಸ ಪದ್ಧತಿ ಗೆದ್ದಿತು, ಶೇ 52 ದಾಟಿತು. ಆಗ ಸರ್ಕಾರಕ್ಕೆ ನೆನಪಾಯಿತು: ಮತದಾನ ಶೇ 36 ಚಿಲ್ಲರೆ ಅಷ್ಟೇ ಆಗಿದೆ, ಇದು ಕಡ್ಡಾಯವೂ ಅಲ್ಲ. ಇಷ್ಟು ಮತದಾನ ಆಗಬೇಕು ಅಂತ ಮುಂಚೆಯೇ ಬರೆದಿಟ್ಟಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆಟ ಮುಗಿದ ಮೇಲೆ ಗೆರೆ ಎಳೆದರೆ ಹೇಗೆ? ಕಾನೂನಿನ ಪ್ರಕಾರ ಅವರು ತಪ್ಪು ಮಾಡಲಿಲ್ಲ. ಅದೇ ಇನ್ನೂ ಬೇಜಾರು.

ನಮ್ಮಲ್ಲಿ? ನಮ್ಮ ಸಂವಿಧಾನದಲ್ಲಿ ಜನಮತಗಣನೆ ಅನ್ನುವುದೇ ಇಲ್ಲ. ತರಲು ಒಮ್ಮೆ ನೋಡಿದ್ದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1978ರ ತಿದ್ದುಪಡಿ ಮಸೂದೆಯಲ್ಲಿ, ಸಂವಿಧಾನದ ಬುಡಕ್ಕೇ ಕೈ ಹಾಕುವಂಥ ಬದಲಾವಣೆಗೆ ಜನರನ್ನೇ ಕೇಳಬೇಕು ಅಂತ ಸೇರಿಸಿದ್ದರು. ಲೋಕಸಭೆ ಒಪ್ಪಿತು, ರಾಜ್ಯಸಭೆ ಆ ಕಲಂ ಕಿತ್ತುಹಾಕಿತು. ಹಾಗಾಗಿ ನಮ್ಮ ಮತದಾನ ಪದ್ಧತಿಯ ದೊಡ್ಡ ಬದಲಾವಣೆಗಳೆಲ್ಲ ಜನರನ್ನು ಕೇಳದೆಯೇ ಆಗಿವೆ. ಒಂದೇ ಕ್ಷೇತ್ರದಿಂದ ಇಬ್ಬರನ್ನು ಆರಿಸುವುದು 1961ರ ಕಾಯ್ದೆಯಿಂದ ಹೋಯಿತು. ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ. ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲ ಸಲ ಮೆಷಿನ್ ಇಟ್ಟಾಗ ಸುಪ್ರೀಂ ಕೋರ್ಟು ಕಾಯ್ದೆಯಲ್ಲಿ ಇಲ್ಲವಲ್ಲ ಅಂತ 1984ರಲ್ಲಿ ಆ ಚುನಾವಣೆಯನ್ನು ರದ್ದು ಮಾಡಿ, ಮೆಷಿನ್ ಇಟ್ಟಿದ್ದ ಮತಗಟ್ಟೆಗಳಲ್ಲಿ ಮರುಮತದಾನ ಮಾಡಿಸಿತು. ಆಮೇಲೆ ಸಂಸತ್ತು ಕಾಯ್ದೆಗೆ ಹೊಸ ಕಲಂ ಸೇರಿಸಿ ದಾರಿ ಮಾಡಿಕೊಟ್ಟಿತು.

ಇನ್ನೂ ಒಂದು ವಿಷಯ ಕಿರಿಯ ವಕೀಲರಿಗೂ ಗೊತ್ತಿರಲ್ಲ. ಅತಿ ಹೆಚ್ಚು ಮತ ಬಂದವರೇ ಗೆದ್ದರು ಅನ್ನುವ ಮಾತು ಸಂವಿಧಾನದಲ್ಲಿಲ್ಲ. ಅದು ಕೂತಿರುವುದು 1961ರ ಚುನಾವಣಾ ನಡೆಸುವಿಕೆ ನಿಯಮಗಳ 64ನೇ ನಿಯಮದಲ್ಲಿ. ಸಂವಿಧಾನ ಹೇಳುವುದು ಕ್ಷೇತ್ರಗಳಿಂದ ನೇರ ಆಯ್ಕೆ ಅಂತ. ಅಂದರೆ ನೇರಳೆ ಪೆನ್ನಿನ ಪದ್ಧತಿಯನ್ನು ವಿಧಾನಸಭೆಗೂ ತರಬೇಕು ಅಂದರೆ ಚುನಾವಣಾ ಕಾನೂನು ತಿದ್ದಿದರೆ ಸಾಕಾದೀತು ಅನ್ನುವುದು ನನ್ನ ಓದು. ಕ್ಷೇತ್ರಗಳನ್ನೇ ಬಿಟ್ಟು ಪಕ್ಷದ ಪಟ್ಟಿಗೆ ಹೋಗಬೇಕಾದರೆ ಮಾತ್ರ ಸಂವಿಧಾನವನ್ನೇ ತಿದ್ದುವ 368ನೇ ವಿಧಿಯ ದೊಡ್ಡ ಬಾಗಿಲು ತಟ್ಟಬೇಕು. ಎರಡಕ್ಕೂ ಜನರ ವೋಟು ಬೇಕಾಗಿಲ್ಲ. ನಾಳೆ ಸರ್ಕಾರ ಕೇಳಿದರೂ ಅದು ಸಲಹೆ ಮಾತ್ರ.

ಸಲಹೆ ಕೇಳಿ ನಡೆದುಕೊಂಡ ಒಂದು ಉದಾಹರಣೆ ಹತ್ತಿರದಲ್ಲೇ ಇದೆ, ಗೋವಾದಲ್ಲಿ. ಮಹಾರಾಷ್ಟ್ರ ಸೇರಬೇಕಾ, ಕೇಂದ್ರಾಡಳಿತದಲ್ಲೇ ಇರಬೇಕಾ ಅಂತ 1967ರ ಜನವರಿ 16ರಂದು ಕೇಳಿದರು. ಸೇರೋದಕ್ಕೆ ಹೂವಿನ ಗುರುತು, ಇರೋದಕ್ಕೆ ಎರಡು ಎಲೆ. ಎಲೆಗೆ 1,72,191, ಹೂವಿಗೆ 1,38,170. ದೆಹಲಿ ಮಾತು ಉಳಿಸಿಕೊಂಡಿತು.

ಬಳ್ಳಾರಿಗೆ ಆ ಯೋಗ ಬರಲಿಲ್ಲ. ಮದ್ರಾಸಿನಿಂದ ಆಂಧ್ರ ಬೇರೆಯಾಗುವಾಗ ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋದು ದೊಡ್ಡ ಜಗಳ. ಎಲೆ, ಹೂವು ಏನೂ ಇರಲಿಲ್ಲ. ನ್ಯಾಯಮೂರ್ತಿ ಮಿಶ್ರಾ ಅವರನ್ನು ಕಳಿಸಿದರು. ಅವರು ಎರಡೂ ಕಡೆಯವರ ಮಾತು ಕೇಳಿ ವರದಿ ಕೊಟ್ಟರು. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ವರದಿಯೂ ಸಲಹೆಯೇ. ಗಡಿ ಎಳೆದದ್ದು ಸಂಸತ್ತಿನ ಕಾಯ್ದೆ.

ಇಷ್ಟೂ ಕೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕ ಒರೆಸುತ್ತಾ ಕೇಳಿದರು, “ಹಂಗಾದ್ರ ನಮ್ಮ ಹಿರೇರು ಬರ್ದ ಕಾಗ್ದ ಒಮ್ಮೆ ತೋರ್ಸ್ರಿ.”

ಫೈಲು ತೆಗೆದೆ. ಐದು ಜನ ಹಿರಿಯರ ಸಹಿ ಇದೆ. ಮೇಷ್ಟ್ರ ಸಹಿ ಇದೆ, ದುಂಡಗೆ, ಕಪ್ಪುಹಲಗೆ ಮೇಲೆ ಬರೆದ ಹಾಗೆ. ಅಣ್ಣನ ಹೆಸರಿನ ಮುಂದೆ ಜಾಗ ಖಾಲಿ.

“ಆವತ್ತು ಆಮ್ಯಾಲೆ ಹಾಕ್ತೀನಿ ಅಂದಿದ್ದ,” ಅಂದರು.