ರಜೆ ಸಿಗದ ದೀಪಾವಳಿ

ದೀಪಾವಳಿ ಹತ್ತಿರ ಬಂದರೆ ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆ ಸಿಗುವ ದರ್ಶನ, ಹಾಗಾಗಿ ಊರ ತುಂಬ ನೆಂಟರು. ಸೈನಿಕರ ಮನೆಗೆ ಬಂದವರು ಕಾಫಿ ಲೋಟ ಹಿಡಿಯುವ ಮೊದಲೇ ಕೇಳುವುದು ಒಂದೇ: ‘ಈ ಸಲ ರಜೆ ಸಿಕ್ತಾ?’ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಹಲವರಿಗೆ ಗಂಡ ದೂರ ಇರುವುದಕ್ಕಿಂತ ಈ ಪ್ರಶ್ನೆಯೇ ಜಾಸ್ತಿ ಸುಸ್ತು ಮಾಡುತ್ತದೆ. ‘ಗೊತ್ತಾದಾಗ ಹೇಳ್ತೀನಿ ಅತ್ತಿಗೆ, ಕೂತ್ಕೊಳ್ಳಿ’ ಅನ್ನಿ, ಸಾಕು. ಕಾರಣ ಬಿಡಿಸಿ ಹೇಳಬೇಕಿಲ್ಲ.

ಸೇನೆಯಲ್ಲಿ ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ. ಸಾಂದರ್ಭಿಕ ರಜೆ ಬೇರೆ. ಆದರೆ ಯೂನಿಟ್‌ನವರೆಲ್ಲ ಒಂದೇ ಹಬ್ಬಕ್ಕೆ ಹೊರಟರೆ ಆಗುತ್ತದೆಯೇ? ಸರದಿ ಹಾಕುತ್ತಾರೆ. ಮಂಜೂರಾದ ರಜೆಯೂ ಪರಿಸ್ಥಿತಿ ಬಿಗಡಾಯಿಸಿದರೆ ರದ್ದಾಗುತ್ತದೆ. ಬರುವುದಿಲ್ಲ ಅಂತ ಖಚಿತವಾದರೆ ಮನಸ್ಸು ಒಂದು ದಿನ ಅತ್ತು ಹಬ್ಬದ ಕೆಲಸಕ್ಕೆ ಇಳಿಯುತ್ತದೆ. ಕಷ್ಟ ಇರುವುದು ‘ಬರಬಹುದು’ ಅನ್ನುವುದರಲ್ಲಿ. ನಿದ್ದೆ ಕೆಡುತ್ತದೆ. ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಮಕ್ಕಳಿಗೆ ಹೊಟ್ಟೆನೋವು, ಹಟ. ಕೆಲವರು ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ. ಹಾಗಾಗಿ ಮಕ್ಕಳಿಗೆ ತಾರೀಖು ಕೊಡಬೇಡಿ. ‘ಅಪ್ಪ ರೈಲು ಹತ್ತಿದ ಮೇಲೆ ಹೇಳ್ತೀನಿ’ ಅನ್ನಿ.

ಅರಸೀಕೆರೆ ಕಡೆಯ ಹುಡುಗನೊಬ್ಬ ಅಪ್ಪನ ಪಾಲಿನ ಸುರುಸುರು ಬತ್ತಿ ಡಬ್ಬವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದ. ಅಮ್ಮ ಬೈದು ತೆಗೆಸಿದರು. ಹುಡುಗ ಊಟ ಬಿಟ್ಟ. ಒಲೆಯಿಂದ ದೂರ, ಒಣ ಜಾಗದಲ್ಲಿ ಇಡಲಿ ಬಿಡಿ ಎಂದೆ. ಅಪ್ಪ ಬಂದದ್ದು ಸಂಕ್ರಾಂತಿ ಕಳೆದು. ಆ ಸಂಜೆ ಅಂಗಳದಲ್ಲಿ ದೀಪ ಹಚ್ಚಿ ಇನ್ನೊಂದು ದೀಪಾವಳಿ ಮಾಡಿದರು. ಥಂಡಿ ಹಿಡಿದು ಅರ್ಧ ಕಡ್ಡಿ ಹತ್ತಲೇ ಇಲ್ಲವಂತೆ! ಪಂಚಾಂಗದ ದಿನ ಪೂಜೆಗಿರಲಿ, ಮನೆಯವರ ಹಬ್ಬವನ್ನು ಮುಂದಕ್ಕೆ ಹಾಕಿಕೊಳ್ಳಬಹುದು.

ಸಕಲೇಶಪುರ, ಬೇಲೂರು ಕಡೆ ಹಬ್ಬ ಮುಗಿಯುತ್ತಿದ್ದಂತೆ ಅರೇಬಿಕಾ ಕುಯ್ಲು ಶುರು. ಆಳು ಹುಡುಕುವುದು, ಕಣದ ಕೆಲಸ, ಅತ್ತೆಯ ಬಿಪಿ ಮಾತ್ರೆ, ಶಾಲೆಯ ಫೀಸು, ಎಲ್ಲ ಒಬ್ಬಳ ತಲೆ ಮೇಲೆ. ಅದರ ಮೇಲೆ ನೀರು ತುಂಬುವ ಹಬ್ಬದಿಂದ ಗೋಪೂಜೆವರೆಗೆ ಒಂದನ್ನೂ ಬಿಡದೆ ಮಾಡುತ್ತೇನೆ ಅಂದರೆ ಮೈ ಕೇಳುವುದಿಲ್ಲ. ಹಂಡೆ ತುಂಬಿ, ಎಣ್ಣೆ ಸ್ನಾನ ಮಾಡಿ, ಒಬ್ಬಟ್ಟು ಅಂಗಡಿಯಿಂದ ತನ್ನಿ. ಅತ್ತೆ ಏನಂದಾರೋ ಅನ್ನುವವರು ಮೊದಲು ಅತ್ತೆಯ ಹತ್ತಿರವೇ ಕೂತು ಮಾತಾಡಿ. ಅಲ್ಲಿರುವುದು ಅವರ ಮಗನೂ ಹೌದು, ಅಲ್ವಾ? ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅಳುತ್ತಿರುತ್ತಾರೆ.

ವಿಡಿಯೊ ಕಾಲ್‌ನಲ್ಲಿ ‘ಎಲ್ಲ ಚೆನ್ನಾಗಿದೆ’ ಅಂತ ಸುಮ್ನೆ ನಗುತ್ತಾ ಕೂರಬೇಡಿ. ಪಂಪ್‌ಸೆಟ್ ಕೆಟ್ಟದ್ದು, ಹಸು ಹಗ್ಗ ಹರಿದುಕೊಂಡು ಓಡಿದ್ದು, ಇಂಥದ್ದನ್ನೂ ಹೇಳಿ. ಅಲ್ಲಿರುವವರಿಗೂ ಮನೆಯ ಸುದ್ದಿ ಬೇಕು. ನೆಟ್‌ವರ್ಕ್ ಸಿಗಲಿಲ್ಲ ಅಂದರೆ ಕೆಟ್ಟದ್ದೇ ಆಗಿದೆ ಅಂತಲ್ಲ. ಗಡಿಯ ಸುದ್ದಿ ಜೋರಾದ ದಿನ ಟಿವಿ ಆರಿಸಿ. ಗಂಡನ ಯೂನಿಟ್ ಎಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಯಾರೇ ಕೇಳಿದರೂ ಹೇಳಬೇಡಿ.

ಎರಡು ವಾರವಾದರೂ ನಿದ್ದೆ ಬರದೆ, ಊಟ ಸೇರದೆ ಇದ್ದರೆ ಸಹಾಯ ಕೇಳಲು ತಡ ಮಾಡಬೇಡಿ. ಬದುಕು ಸಾಕು ಅನ್ನಿಸಿದರೆ ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಮಾಡಿ. ಇದು ಮಾನಸಿಕ ಆರೋಗ್ಯಕ್ಕೆಂದೇ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗೂ ಅವರ ಕುಟುಂಬಗಳಿಗೂ ಅಂತಲೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಇದರ ಪ್ರತ್ಯೇಕ ಘಟಕವೂ ಶುರುವಾಗಿದೆ.

ರಜೆ ಸಿಕ್ಕಿ ಬಂದವರನ್ನು ಮೊದಲ ಎರಡು ದಿನ ಮಲಗಲು ಬಿಡಿ. ಬಂದ ಮರುದಿನವೇ ಬ್ಯಾಂಕು, ತೋಟ, ನೆಂಟರ ಮನೆ ಅಂತ ಎಳೆದಾಡಿದರೆ ಜಗಳ ಗ್ಯಾರಂಟಿ. ಗಂಡಸರಿಗೂ ಒಂದು ಮಾತು: ವರ್ಷವಿಡೀ ಮನೆ ನಡೆಸಿದವಳನ್ನು ಬಂದ ಕೂಡಲೇ ‘ಇದನ್ಯಾಕೆ ಹೀಗೆ ಮಾಡಿದೆ’ ಅಂತ ಕೇಳಬೇಡಿ. ಲೆಕ್ಕಪತ್ರ ನೋಡುವುದು ನಾಲ್ಕನೇ ದಿನಕ್ಕಿರಲಿ.