ಲಿಂಗ್ ದನ: ಮಿಶ್ರತಳಿಯೇ ಸ್ವಂತ ತಳಿಯಾದ ಮೇಲೆ ಸಂಕರ ಹುರುಪು ಎಷ್ಟು ಉಳಿಯುತ್ತದೆ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಓಬನ್ ಪಟ್ಟಣದ ದಕ್ಷಿಣಕ್ಕೆ, ಒಂದು ಕಾಲದಲ್ಲಿ ಸ್ಲೇಟ್ ಗಣಿಗಳಿಗೆ ಹೆಸರಾಗಿದ್ದ ಲಿಂಗ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಕ್ಯಾಡ್ಜೋ ಸಹೋದರರು 1947ರಲ್ಲಿ ಆರಂಭಿಸಿದ ತಳಿ ಅಭಿವೃದ್ಧಿ ಕಾರ್ಯದಿಂದ ರೂಪುಗೊಂಡ ಮಾಂಸೋತ್ಪಾದಕ ದನದ ತಳಿಗೆ ದ್ವೀಪದ ಹೆಸರೇ ನಿಂತಿತು. ಬ್ರಿಟಿಷ್ ಸರ್ಕಾರ 1965ರಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಮೂಲ ತಳಿಗಳು ಎರಡು: ಬೇಗ ಮೈತುಂಬಿಕೊಳ್ಳುವ, ಹಾಲು ಚೆನ್ನಾಗಿರುವ ಬೀಫ್ ಶಾರ್ಟ್‌ಹಾರ್ನ್, ಮತ್ತು ಒರಟು ಹುಲ್ಲು ಮೇಯ್ದು ಮಳೆಗಾಳಿಯಲ್ಲಿ ಬದುಕಬಲ್ಲ, ಉದ್ದ ಕೂದಲಿನ ಹೈಲ್ಯಾಂಡ್.

ಇಲ್ಲಿ ಬೇಕಾಗಿದ್ದುದು ಚಳಿಗಾಲವನ್ನೂ ಬಯಲಿನಲ್ಲೇ ಕಳೆದು, ವರ್ಷಕ್ಕೊಂದು ಕರು ಹಾಕಿ, ಅದಕ್ಕೆ ತಾನೇ ಹಾಲೂಡಿಸಿ ಬೆಳೆಸುವ ತಾಯಿ ಹಸು. ಗರ್ಭಧಾರಣೆ, ಕರುವಿನ ಉಳಿವು, ಹಸುವಿನ ದೀರ್ಘಾಯುಷ್ಯ ಮೊದಲಾದ ಗುಣಗಳಲ್ಲಿ ಅನುವಂಶೀಯತೆಯ ಪ್ರಮಾಣ ಕಡಿಮೆ. ಆದ್ದರಿಂದ ಕೇವಲ ಆಯ್ಕೆಯಿಂದ ಅವು ನಿಧಾನವಾಗಿ ಸುಧಾರಿಸುತ್ತವೆ. ಆದರೆ ಹೆಟೆರೋಸಿಸ್, ಅಂದರೆ ಸಂಕರದ ಕರು ಎರಡು ಮೂಲ ತಳಿಗಳ ಸರಾಸರಿಯನ್ನು ಮೀರಿಸುವ ಸಂಕರ ಹುರುಪು, ಹೆಚ್ಚಾಗಿ ಕಾಣುವುದು ಇದೇ ಗುಣಗಳಲ್ಲಿ. ಎರಡು ತಳಿಗಳ ಮೊದಲ ಸಂಕರದ ಹಸು ಅಷ್ಟು ಒಳ್ಳೆಯದಾದರೆ ಅದನ್ನೇ ಸದಾ ಉತ್ಪಾದಿಸಬಹುದಲ್ಲ ಎಂದು ಕೇಳಬಹುದು. ಹಾಗೆ ಮಾಡಲು ಎರಡೂ ಶುದ್ಧ ತಳಿಗಳ ಹಿಂಡುಗಳನ್ನು ನಿರಂತರವಾಗಿ ಸಾಕಬೇಕಾಗುತ್ತದೆ. ತಳಿಯೊಂದು ಸ್ಥಿರಗೊಂಡರೆ ಹಿಂಡು ತನ್ನ ಬದಲಿ ಕಡಸುಗಳನ್ನು ತಾನೇ ಒದಗಿಸಿಕೊಳ್ಳುತ್ತದೆ.

ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ಹಂತ ಇದರ ನಂತರದ್ದು. ಸಂಕರಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಎರಡನೆಯ ಪೀಳಿಗೆಯಲ್ಲಿ ಹೆಟೆರೋಸಿಸ್ ಅರ್ಧಕ್ಕೆ ಇಳಿಯುತ್ತದೆ ಎಂದು ಓದುತ್ತೇವೆ. ಹಾಗಾದರೆ ಮೂರನೆಯದರಲ್ಲಿ ಕಾಲು ಭಾಗ, ನಾಲ್ಕನೆಯದರಲ್ಲಿ ಅದರ ಅರ್ಧ ಎಂದಾಗಿ ಕೊನೆಗೆ ಏನೂ ಉಳಿಯಬಾರದಲ್ಲವೇ? ಹಾಗಾಗುವುದಿಲ್ಲ, ಮತ್ತು ಅದರ ಕಾರಣವನ್ನು ಶಾರ್ಟ್‌ಹಾರ್ನ್‌ನ ಮೈಬಣ್ಣದಲ್ಲೇ ನೋಡಬಹುದು. ಈ ತಳಿಯಲ್ಲಿ ಕೆಂಪು ಮತ್ತು ಬಿಳಿ ದನಗಳು ಸಮಯುಗ್ಮಜಗಳು, ಅಂದರೆ ಬಣ್ಣದ ಜೀನಿನ ಎರಡು ಪ್ರತಿಗಳೂ ಒಂದೇ ಬಗೆಯವು. ಕೆಂಪು-ಬಿಳಿ ಕೂದಲು ಬೆರೆತ ರೋನ್ ಬಣ್ಣದ ದನ ವಿಷಮಯುಗ್ಮಜ, ಅದರ ಎರಡು ಪ್ರತಿಗಳು ಬೇರೆ ಬೇರೆ ಬಗೆಯವು. ಅಂದರೆ ಯಾವುದು ವಿಷಮಯುಗ್ಮಜ ಎಂಬುದು ಕಣ್ಣಿಗೇ ಕಾಣುತ್ತದೆ. ಹೆಟೆರೋಸಿಸ್ ವಿಷಮಯುಗ್ಮಜತೆಯ ಜೊತೆಗೇ ಏರಿಳಿಯುತ್ತದೆ ಎಂದುಕೊಂಡರೆ, ರೋನ್ ದನಗಳ ಪಾಲೇ ಅದರ ಅಳತೆ.

ಕೆಂಪು ಮತ್ತು ಬಿಳಿ ಕೂಡಿದರೆ ಎಲ್ಲ ಕರುಗಳೂ ರೋನ್. ರೋನ್‌ಗಳನ್ನು ತಮ್ಮಲ್ಲೇ ಕೂಡಿಸಿದರೆ ಸರಾಸರಿ ಕಾಲು ಭಾಗ ಕೆಂಪು, ಅರ್ಧ ರೋನ್, ಕಾಲು ಭಾಗ ಬಿಳಿ. ಇಲ್ಲಿಯವರೆಗೆ ಅರ್ಧಕ್ಕಿಳಿದದ್ದು ನಿಜ. ಈಗ ಈ ಹಿಂಡಿನಲ್ಲಿ ಬಣ್ಣ ನೋಡದೆ ಜೋಡಿ ಮಾಡಿದರೆ, ಪ್ರತಿ 16 ಜೋಡಿಗಳಲ್ಲಿ ರೋನ್-ರೋನ್ 4, ಕೆಂಪು-ರೋನ್ 4, ಬಿಳಿ-ರೋನ್ 4, ಕೆಂಪು-ಬಿಳಿ 2, ಕೆಂಪು-ಕೆಂಪು 1, ಬಿಳಿ-ಬಿಳಿ 1. ಜೋಡಿಗೊಂದು ಕರುವೆಂದು ಲೆಕ್ಕ ಹಾಕಿ: ರೋನ್ ಒಳಗೊಂಡ ಮೂರು ಬಗೆಯ ಜೋಡಿಗಳಿಂದ ತಲಾ 2 ರೋನ್ ಕರುಗಳು, ಕೆಂಪು-ಬಿಳಿ ಜೋಡಿಗಳಿಂದ 2, ಉಳಿದೆರಡರಿಂದ ಸೊನ್ನೆ. ಒಟ್ಟು 8, ಅಂದರೆ ಮತ್ತೆ ಅರ್ಧವೇ. ರೋನ್-ರೋನ್ ಜೋಡಿಗಳಲ್ಲಿ ಕಳೆದುಹೋದದ್ದನ್ನು ಕೆಂಪು-ಬಿಳಿ ಜೋಡಿಗಳು ತುಂಬಿಕೊಡುತ್ತವೆ. ಮುಂದಿನ ಪೀಳಿಗೆಗಳಲ್ಲಿಯೂ ಇದೇ ಲೆಕ್ಕ. ಪ್ರತಿ ಪೀಳಿಗೆಯಲ್ಲೂ ಅರ್ಧವಾಗುತ್ತಾ ಹೋಗುವುದು ಸ್ವಕೀಯ ಪರಾಗಸ್ಪರ್ಶವಾಗುವ ಗಿಡಗಳಲ್ಲಿ. ಅಲ್ಲಿ ಕೆಂಪು-ಬಿಳಿ ಜೋಡಿಗೆ ಅವಕಾಶವೇ ಇಲ್ಲ. ಮೆಂಡೆಲನ ಬಟಾಣಿಯ ಪಾಠದಿಂದ ನೇರವಾಗಿ ದನದ ಹಿಂಡಿಗೆ ಬಂದಾಗ ಗೊಂದಲ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ನೆನಪಿಡಲು ಒಂದು ಸುಲಭ ಸೂತ್ರವಿದೆ: ಪ್ರತಿ ಮೂಲ ತಳಿಯ ಪಾಲನ್ನು ವರ್ಗ ಮಾಡಿ ಕೂಡಿಸಿ, ಒಂದರಿಂದ ಕಳೆಯಬೇಕು. ಸಮಪಾಲಿದ್ದರೆ ಮೊದಲ ಸಂಕರದ ಹೆಟೆರೋಸಿಸ್‌ನಲ್ಲಿ ಶೇ. 50 ಉಳಿಯುತ್ತದೆ, ಮುಕ್ಕಾಲು-ಕಾಲು ಇದ್ದರೆ ಶೇ. 37.5; ಅಮೆರಿಕದ ಸಾಂಟಾ ಗರ್ಟ್ರೂಡಿಸ್ ದನದ ತಳಿಯಂತೆ ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್ ಇದ್ದರೆ ಸುಮಾರು ಶೇ. 47. ಹೆಟೆರೋಸಿಸ್ ವಿಷಮಯುಗ್ಮಜತೆಗೆ ಅನುಪಾತದಲ್ಲಿದೆ, ಹಿಂಡಿನಲ್ಲಿ ಒಳಸಂತಾನವಿಲ್ಲ ಎಂಬ ಎರಡು ಷರತ್ತುಗಳ ಮೇಲೆ ಈ ಸೂತ್ರ ನಿಂತಿದೆ. ದ್ವೀಪದ ಹಿಂಡಿನಲ್ಲಿ ಎರಡನೆಯ ಷರತ್ತೇ ಹೆಚ್ಚು ಕಠಿಣವಾದುದು. ಕೆಲವೇ ಹೋರಿಗಳನ್ನು ಬಳಸಿದರೆ ರಕ್ತಸಂಬಂಧ ಹತ್ತಿರವಾಗುತ್ತಾ ಹೋಗಿ, ಉಳಿದ ಹುರುಪೂ ಕರಗುತ್ತದೆ.

ನಮ್ಮ ಕೃಷ್ಣಾ ಕಣಿವೆಯ ತಳಿಯೂ ಹಲವು ತಳಿಗಳ ಬೆರಕೆಯಿಂದ ರೂಪುಗೊಂಡದ್ದು ಎಂಬುದನ್ನು ಇದರ ಜೊತೆಗಿಟ್ಟು ಓದಬಹುದು, ಆದರೆ ಅಲ್ಲಿನ ಗುರಿ ಕಪ್ಪು ಮಣ್ಣಿನ ಉಳುಮೆಯಾಗಿತ್ತು.

ಲಿಂಗ್ ಹಸುವಿಗೆ ಸಿಮೆಂಟಾಲ್ ಹೋರಿಯನ್ನು ಕೂಡಿಸಿ ಪಡೆಯುವ ಸಿಮ್-ಲಿಂಗ್ ಕಡಸುಗಳಿಗೆ ಬ್ರಿಟನ್ನಿನ ಸಾಕಣೆದಾರರಲ್ಲಿ ಒಳ್ಳೆಯ ಬೇಡಿಕೆಯಿದೆ. ಮೂರನೆಯ ತಳಿ ಸೇರಿದಾಗ ಸಿಮೆಂಟಾಲ್ ಮತ್ತು ಲಿಂಗ್ ನಡುವೆ ಪೂರ್ಣ ಪ್ರಮಾಣದ ಹೆಟೆರೋಸಿಸ್ ಮತ್ತೆ ದೊರೆಯುತ್ತದೆ. ಆ ಕಡಸು ಮುಂದೆ ತಾಯಿಯಾದಾಗ ಅದರ ಹಾಲು ಮತ್ತು ಫಲವಂತಿಕೆಯ ಮೂಲಕ ಕರುವಿಗೂ ಆ ಲಾಭ ತಲುಪುತ್ತದೆ.